ಬೆಂಕಿಗಿಂತ ರಸ್ತೆಯ ಕರೆಗಳೇ ಜಾಸ್ತಿ

ಅಗ್ನಿಶಾಮಕ ದಳದ ಸ್ವಯಂಸೇವಕ ಅಂದ ತಕ್ಷಣ ಎಲ್ಲರೂ ಬೆಂಕಿಯ ಬಗ್ಗೆಯೇ ಕೇಳುತ್ತಾರೆ. ನಮಗೆ ಬರುವ ಕರೆಗಳಲ್ಲಿ ರಸ್ತೆ ಅಪಘಾತಗಳೇ ಜಾಸ್ತಿ. ಹಳ್ಳಿ ಕಡೆ ಆಸ್ಪತ್ರೆ ದೂರ, ಆಂಬುಲೆನ್ಸ್ ಬರುವುದು ತಡ, ಹಾಗಾಗಿ ಹೊಲದಲ್ಲೋ ಅಂಗಡಿಯಲ್ಲೋ ಇದ್ದವರು ಕೈಯಲ್ಲಿದ್ದ ಕೆಲಸ ಬಿಟ್ಟು ಓಡಬೇಕು.

ಮೊದಲು ನಮ್ಮ ಗಾಡಿಯನ್ನು ರಸ್ತೆಗೆ ಓರೆಯಾಗಿ ಅಡ್ಡ ನಿಲ್ಲಿಸುತ್ತೇವೆ. ಹಿಂದಿನಿಂದ ಬರುವವರು ನಮ್ಮ ಮೇಲೇ ನುಗ್ಗಬಾರದು, ಅಲ್ವಾ? ಆಮೇಲೆ ಜಖಂ ಆದ ಕಾರು ಅಲುಗದಂತೆ ಮರದ ತುಂಡು ಕೊಟ್ಟು, ಬ್ಯಾಟರಿಯ ನೆಗೆಟಿವ್ ವೈರ್ ಮೊದಲು ಬಿಚ್ಚುತ್ತೇವೆ. ಆದರೂ ತೆರೆಯದೆ ಉಳಿದ ಏರ್‌ಬ್ಯಾಗ್ ಎದುರು ಯಾರೂ ನಿಲ್ಲುವುದಿಲ್ಲ, ಅದು ಸ್ವಲ್ಪ ಹೊತ್ತಿನ ನಂತರವೂ ಸಿಡಿಯಬಹುದು.

ನನ್ನ ಪಾಲಿಗೆ ಹೆಚ್ಚಾಗಿ ಬರುವುದು ಹಿಂದಿನ ಸೀಟಿಗೆ ನುಸುಳಿ, ಗಾಯಾಳುವಿನ ತಲೆಯನ್ನು ಎರಡೂ ಕೈಯಲ್ಲಿ ಅಲುಗದಂತೆ ಹಿಡಿದು ಕೂರುವ ಕೆಲಸ. ಇಬ್ಬರ ಮೇಲೂ ಒಂದು ದಪ್ಪ ಕಂಬಳಿ. ಹೊರಗೆ ಕಿಟಕಿಯ ಗಾಜು ಪುಡಿಪುಡಿಯಾಗುತ್ತದೆ, ಹೈಡ್ರಾಲಿಕ್ ಕಟರ್ ಕಾರಿನ ಚಾವಣಿ ಹೊತ್ತ ಕಂಬ ಕತ್ತರಿಸುವಾಗ ಇಡೀ ಕಾರು ಒಮ್ಮೆ ನಡುಗುತ್ತದೆ. ಕಂಬಳಿಯೊಳಗೆ ನಾನು ಸುಮ್ನೆ ಮಾತಾಡುತ್ತಲೇ ಇರುತ್ತೇನೆ: ಈಗ ದೊಡ್ಡ ಸದ್ದು ಬರುತ್ತದೆ, ಹೆದರಬೇಡಿ, ನಾನು ಇಲ್ಲೇ ಇದ್ದೇನೆ.

ದಯವಿಟ್ಟು ಒಂದು ಮಾತು ನೆನಪಿಡಿ. ಬೆಂಕಿ ಹೊತ್ತಿಕೊಳ್ಳುವಂಥ ಅಪಾಯ ಇಲ್ಲದಿದ್ದರೆ ಸಿಕ್ಕಿಕೊಂಡವರನ್ನು ಕೈಕಾಲು ಹಿಡಿದು ಎಳೆಯಬೇಡಿ. ಕುತ್ತಿಗೆಗೆ ಪೆಟ್ಟಾಗಿದ್ದರೆ ಆ ಒಂದು ಎಳೆತಕ್ಕೇ ಕೈಕಾಲು ಸ್ವಾಧೀನ ತಪ್ಪಬಹುದು. ರಕ್ತ ಸುರಿಯುತ್ತಿದ್ದರೆ ಬಟ್ಟೆ ಇಟ್ಟು ಒತ್ತಿ ಹಿಡಿಯಿರಿ, ಮಾತಾಡಿಸುತ್ತಾ ಇರಿ.

ಆಂಬುಲೆನ್ಸ್ ಹೋದ ಮೇಲೆ ಪೊರಕೆ ಹಿಡಿದು ಗಾಜು ಗುಡಿಸುತ್ತೇವೆ. ಆಗ ಯಾರೂ ಹೆಚ್ಚು ಮಾತಾಡುವುದಿಲ್ಲ. ಠಾಣೆಗೆ ಬಂದು ಟೀ ಕುಡಿಯುವಾಗ, ನಿಧಾನಕ್ಕೆ, ಒಬ್ಬೊಬ್ಬರೇ ಬಾಯಿ ಬಿಡುತ್ತಾರೆ.