ಆರು ಮೈಲಿ ಚೌಕದೊಳಗಿನ ಸರ್ಕಾರ

ಅಮೆರಿಕದ ಮಿನ್ನೆಸೋಟ ರಾಜ್ಯದ ಬಯಲುಸೀಮೆಯಲ್ಲಿ ಜಲ್ಲಿ ರಸ್ತೆ ಹಿಡಿದು ಹೋದರೆ ಮೈಲಿಗೊಂದರಂತೆ ಅಡ್ಡರಸ್ತೆಗಳು ಎದುರಾಗುತ್ತವೆ. ಎಲ್ಲವೂ ದಾರ ಕಟ್ಟಿ ಎಳೆದಷ್ಟು ನೇರ. ಆದರೆ ಎಲ್ಲೋ ಒಂದು ಕಡೆ, ಸುತ್ತ ಗುಡ್ಡವಾಗಲಿ ಕೆರೆಯಾಗಲಿ ಇಲ್ಲದಿದ್ದರೂ, ಉತ್ತರಕ್ಕೆ ಹೊರಟ ರಸ್ತೆ ಥಟ್ಟನೆ ಪಕ್ಕಕ್ಕೆ ಹೊರಳಿ, ಸ್ವಲ್ಪ ದೂರ ಸಾಗಿ, ಮತ್ತೆ ಉತ್ತರಕ್ಕೆ ತಿರುಗುತ್ತದೆ. ಹೊಸದರಲ್ಲಿ ಇದು ಯಾರದೋ ಜಮೀನಿನ ತಕರಾರಿನ ಫಲವೆಂದು ನಾನು ತಿಳಿದಿದ್ದೆ. ಭೂಮಿ ದುಂಡಗಿರುವುದೇ ಅದಕ್ಕೆ ಕಾರಣವೆಂದು ಗೊತ್ತಾದ ಮೇಲೆ ನೆಲದ ಅಳತೆಯ ಚೌಕಕ್ಕೂ ಸ್ಥಳೀಯ ಸರ್ಕಾರಕ್ಕೂ ಹೆಸರಾದ ಟೌನ್‌ಶಿಪ್ ಎಂಬ ವ್ಯವಸ್ಥೆಯ ಮೇಲೆ ಆಸಕ್ತಿ ಹುಟ್ಟಿತು.

1785ರ ಭೂ ಕಾಯ್ದೆಯ ಪ್ರಕಾರ ಸಾರ್ವಜನಿಕ ಭೂಮಿಯನ್ನು ಆರು ಮೈಲಿ ಉದ್ದ, ಆರು ಮೈಲಿ ಅಗಲದ ಚೌಕಗಳಾಗಿ, ಅಂದರೆ ಟೌನ್‌ಶಿಪ್‌ಗಳಾಗಿ, ಅಳೆಯಬೇಕಿತ್ತು. ಅದೇ ವರ್ಷ ಭೂಮಾಪಕ ಥಾಮಸ್ ಹಚಿನ್ಸ್ ಒಹಾಯೊ ನದಿಯ ದಂಡೆಯಲ್ಲಿ, ಪೆನ್ಸಿಲ್ವೇನಿಯದ ಗಡಿಯಿಂದ ಅಳತೆ ಆರಂಭಿಸಿದರು. ಅಳೆಯಲು ಬಳಸಿದ್ದು 66 ಅಡಿಯ ಸರಪಳಿ. ಎಂಬತ್ತು ಸರಪಳಿಗೆ ಒಂದು ಮೈಲಿ. ಚೌಕದೊಳಗೆ 36 ಸೆಕ್ಷನ್‌ಗಳು, ಒಂದೊಂದೂ 640 ಎಕರೆ. 1796ರ ಕಾಯ್ದೆಯಿಂದ ಬಂದ ಕ್ರಮದಲ್ಲಿ ಎಣಿಕೆ ಈಶಾನ್ಯ ಮೂಲೆಯಿಂದ ಪಶ್ಚಿಮಕ್ಕೆ ಹೋಗಿ, ಉಳುವ ಎತ್ತು ಸಾಲಿನ ಕೊನೆಯಲ್ಲಿ ತಿರುಗಿ ಬರುವಂತೆ ಕೆಳಗಿನ ಸಾಲಿನಲ್ಲಿ ಪೂರ್ವಕ್ಕೆ ಬರುತ್ತದೆ. ಹದಿನಾರನೆಯ ಸೆಕ್ಷನ್ ಶಾಲೆಗೆ ಮೀಸಲು. ಮಿನ್ನೆಸೋಟಕ್ಕೆ 36ನೆಯದೂ ಸಿಕ್ಕಿತು.

ಆದರೆ ಉತ್ತರ ಧ್ರುವದ ಕಡೆಗೆ ಹೋದಂತೆ ರೇಖಾಂಶಗಳು ಒಂದಕ್ಕೊಂದು ಹತ್ತಿರವಾಗುತ್ತವೆ. 45ನೆಯ ಅಕ್ಷಾಂಶದ ಬಳಿ ಟೌನ್‌ಶಿಪ್ಪಿನ ಉತ್ತರದ ಅಂಚು ದಕ್ಷಿಣದ ಅಂಚಿಗಿಂತ ಸುಮಾರು 48 ಅಡಿ ಗಿಡ್ಡ. ಈ ಕೊರತೆಯನ್ನು ಪಶ್ಚಿಮದ ಸಾಲಿನ ಸೆಕ್ಷನ್‌ಗಳಿಗೆ ತಳ್ಳುತ್ತಾರೆ. ಕೊರತೆ ಬೆಳೆಯುತ್ತಾ ಹೋಗದಂತೆ ಇಂತಿಷ್ಟು ದೂರಕ್ಕೊಮ್ಮೆ ಹೊಸ ಆಧಾರರೇಖೆ ಎಳೆದು ಅಳತೆಯನ್ನು ಮತ್ತೆ ಸರಿಯಾಗಿ ಆರಂಭಿಸುತ್ತಾರೆ. ರಸ್ತೆ ಹೊರಳುವುದು ಆ ರೇಖೆಯ ಮೇಲೆ. ಸರಪಳಿ ಹೊತ್ತು ಜೌಗಿನಲ್ಲಿ ನಡೆದವರ ಲೆಕ್ಕ ಇಂದಿಗೂ ಚಕ್ರದ ಕೆಳಗೆ ಹೀಗೆ ತಿಳಿಯುವುದನ್ನು ನೆನೆದಾಗಲೆಲ್ಲ ನನಗೆ ಅವರ ಮೇಲೆ ಗೌರವ ಹೆಚ್ಚುತ್ತದೆ.

ಅಳತೆಯ ಚೌಕವಿದ್ದಲ್ಲೆಲ್ಲ ಆಡಳಿತವಿರುತ್ತದೆ ಎಂದೇನಿಲ್ಲ. ಮೊಂಟಾನದಲ್ಲಿ ಚೌಕಗಳಿವೆ, ಟೌನ್‌ಶಿಪ್ ಸರ್ಕಾರವಿಲ್ಲ. ಪೆನ್ಸಿಲ್ವೇನಿಯದಲ್ಲಿ ಸರ್ಕಾರವಿದೆ, ಈ ಚೌಕಗಳಿಲ್ಲ. ಒಹಾಯೊದಲ್ಲಿ ಮೂವರು ಟ್ರಸ್ಟಿಗಳೂ ಒಬ್ಬ ಹಣಕಾಸು ಅಧಿಕಾರಿಯೂ ಇರುತ್ತಾರೆ. ಮಿನ್ನೆಸೋಟದಲ್ಲಿ 1,700ಕ್ಕೂ ಹೆಚ್ಚು ಟೌನ್‌ಶಿಪ್‌ಗಳಿದ್ದು, ಸಾಮಾನ್ಯವಾಗಿ ಮೂವರು ಸೂಪರ್‌ವೈಸರ್‌ಗಳು, ಒಬ್ಬ ಕ್ಲರ್ಕ್, ಒಬ್ಬ ಖಜಾಂಚಿ ಆಡಳಿತ ನಡೆಸುತ್ತಾರೆ. ಬೇಲಿಯ ವ್ಯಾಜ್ಯ ಬಂದರೆ ಸ್ಥಳಕ್ಕೆ ಹೋಗಿ ನೋಡುವವರೂ, ಹಾನಿಕಾರಕ ಕಳೆಯ ಮೇಲೆ ಕಣ್ಣಿಡುವವರೂ ಇದೇ ಸೂಪರ್‌ವೈಸರ್‌ಗಳು. ಎಲ್ಲಕ್ಕಿಂತ ದೊಡ್ಡ ಕೆಲಸ ರಸ್ತೆಯದು: ಜಲ್ಲಿ ಹಾಕಿಸುವುದು, ರಸ್ತೆ ಸಮ ಮಾಡುವ ಗ್ರೇಡರ್ ಯಂತ್ರ ಓಡಿಸುವುದು, ಮೋರಿ ಬದಲಿಸುವುದು, ಹಿಮ ತೆಗೆಸುವುದು.

ಮಾರ್ಚ್ ತಿಂಗಳ ಎರಡನೆಯ ಮಂಗಳವಾರ ವಾರ್ಷಿಕ ಸಭೆ. ಇಲ್ಲಿ ನನಗೆ ಮತದ ಹಕ್ಕಿಲ್ಲ. ಆದರೆ ಸಭೆ ಎಲ್ಲರಿಗೂ ತೆರೆದದ್ದಾದ್ದರಿಂದ ಹಿಂದಿನ ಸಾಲಿನಲ್ಲಿ ಕುಳಿತು ನೋಡಿದೆ. ಬಂದವರು ಹದಿನೆಂಟು ಮಂದಿ. ಮೊದಲು ತಮ್ಮೊಳಗೇ ಒಬ್ಬರನ್ನು ಸಭೆ ನಡೆಸಲು ಆರಿಸಿಕೊಂಡರು. ಮುಂದಿನ ವರ್ಷಕ್ಕೆ ಎಷ್ಟು ತೆರಿಗೆ ಹಾಕಬೇಕೆಂಬುದನ್ನು ನಿರ್ಧರಿಸುವವರು ಇಲ್ಲಿ ಸೂಪರ್‌ವೈಸರ್‌ಗಳಲ್ಲ, ಎದುರು ಕುಳಿತ ಮತದಾರರು. ಈ ಒಂದು ಕಾರಣಕ್ಕೇ ಈ ವ್ಯವಸ್ಥೆಯನ್ನು ನಾನು ಬಹಳ ಮೆಚ್ಚುತ್ತೇನೆ. ಒಂದೇ ಮನೆಯಿರುವ ರಸ್ತೆಗೆ ಜಲ್ಲಿ ಬೇಕೇ ಎಂಬ ಪ್ರಶ್ನೆ ಎದ್ದಾಗ, ಕೆಸರು ಮೆತ್ತಿದ ಬೂಟು ತೊಟ್ಟಿದ್ದ ಹಿರಿಯರೊಬ್ಬರು ಎದ್ದು, ಆ ಮನೆಯ ಮಗು ಶಾಲೆಯ ಬಸ್ಸು ಹತ್ತಲು ಕೆಸರಿನಲ್ಲಿ ಎಷ್ಟು ದೂರ ನಡೆಯಬೇಕೆಂದು ವಿವರಿಸಿದರು. ಕೈಗಳು ಒಂದೊಂದಾಗಿ ಮೇಲೆದ್ದವು. ಕ್ಲರ್ಕ್ ಎಣಿಸಿ ಮೊತ್ತವನ್ನು ನಡಾವಳಿಯಲ್ಲಿ ಬರೆದುಕೊಂಡರು. ಆ ಹಣ ಕೌಂಟಿಯ, ಅಂದರೆ ಜಿಲ್ಲೆಯಂಥ ಮೇಲಿನ ಆಡಳಿತ ಘಟಕದ, ಆಸ್ತಿ ತೆರಿಗೆಯೊಡನೆ ವಸೂಲಾಗಿ ಬರಬೇಕು. ಆದ್ದರಿಂದ ಆ ರಸ್ತೆಗೆ ಜಲ್ಲಿ ಬೀಳುವುದು ಮುಂದಿನ ವರ್ಷ, ಹಿಮ ಕರಗಿ ನೆಲ ಗಟ್ಟಿಯಾದ ಮೇಲೆ.