ಡಾಲ್ಫಿನ್ ಶಾಟ್ ಇದ್ದರೆ ಸೀಟಿ ಬೇಡ ಅನ್ನಬೇಡಿ

ಡಾಲ್ಫಿನ್ ಶಾಟ್ ಇರುವ ದಿನ ಸೌಂಡ್ ರೆಕಾರ್ಡಿಸ್ಟ್ ಕಡೆಯಿಂದ ಬರುವ ಮೊದಲ ಮಾತು: "ಆ ಸೀಟಿ ಊದಬೇಡಿ, ಡೈಲಾಗ್ ಮೇಲೆ ಬೀಳುತ್ತೆ." ಪ್ರೊಡಕ್ಷನ್‌ನವರನ್ನು ಎದುರು ಹಾಕಿಕೊಳ್ಳುವುದು ಯಾಕೆ ಅಂತ ಟ್ರೇನರ್ ತಲೆಯಾಡಿಸಿಬಿಡುತ್ತಾರೆ. ದಿನ ಕೆಡುವುದು ಅಲ್ಲಿಂದಲೇ.

ಡಾಲ್ಫಿನ್ ಸರಿಯಾಗಿ ಮಾಡಿದ ಆ ಕ್ಷಣಕ್ಕೆ ಗುರುತು ಹಾಕುವುದು ಸೀಟಿ. ಬಕೆಟ್‌ನಿಂದ ಮೀನು ತೆಗೆದು ಬಾಯಿಗೆ ಹಾಕುವಷ್ಟರಲ್ಲಿ ಎರಡು ಮೂರು ಸೆಕೆಂಡ್ ಕಳೆದು, ಪ್ರಾಣಿ ಇನ್ನೇನೋ ಮಾಡಿರುತ್ತೆ. ಆ ಅಂತರಕ್ಕೇ ಬ್ರಿಡ್ಜ್, ಅಂದರೆ "ಸರಿ ಮಾಡಿದೆ, ಮೀನು ಬರುತ್ತೆ" ಅನ್ನುವ ಸಂಕೇತ, ಬೇಕು.

ಒಂದು ಸಾಮಾನ್ಯ ಶಾಟ್ ತಗೊಳ್ಳಿ. ಹುಡುಗ ಕಟ್ಟೆಯ ಅಂಚಿನಲ್ಲಿ ಕೂತಿದ್ದಾನೆ. ಡಾಲ್ಫಿನ್ ಬಂದು ತಲೆ ಎತ್ತಿ, ಅವನ ಪ್ರಶ್ನೆಗೆ ಹೌದೆಂದು ತಲೆಯಾಡಿಸಿ, ಟೋಪಿ ಕಚ್ಚಿಕೊಂಡು ಹೋಗಬೇಕು. ಪರದೆ ಮೇಲೆ ಹತ್ತು ಸೆಕೆಂಡ್ ಇಲ್ಲ. ಆದರೆ ಮೊದಲ ಟ್ರೇನರ್ ಹತ್ತಿರದಿಂದ ಮಾರ್ಕ್‌ಗೆ (ಶಾಟ್‌ಗೆ ಗೊತ್ತುಮಾಡಿದ ಜಾಗಕ್ಕೆ) ಬರುವುದು, ಅಲ್ಲೇ ನಿಲ್ಲುವುದು, ತಲೆಯಾಡಿಸುವುದು, ಟೋಪಿ ತೆಗೆಯುವುದು, ಎರಡನೇ ಟ್ರೇನರ್‌ಗೆ ಒಯ್ದು ಕೊಡುವುದು, ಎಲ್ಲವೂ ಬೇರೆ ಬೇರೆ ಬಿಹೇವಿಯರ್. ಒಂದೊಂದನ್ನೂ ಪ್ರತ್ಯೇಕ ಕಲಿಸಿ, ಆಮೇಲೆ ಜೋಡಿಸಬೇಕು. ತಲೆಯಾಡಿಸುವುದನ್ನು ಕಲಿಸುವುದು ಟಾರ್ಗೆಟ್ ಕೋಲಿನಿಂದ: ಮೂತಿ ಕೋಲಿನ ತುದಿಗೆ ತಾಗಿರುವಾಗ ಕೋಲನ್ನು ಸ್ವಲ್ಪವೇ ಮೇಲೆ ಕೆಳಗೆ ಮಾಡುವುದು, ಆಮೇಲೆ ಕೋಲು ಬಿಟ್ಟು ಕೈಸನ್ನೆಗೆ ಬರುವುದು.

ಸನ್ನೆ ಮಾಡುವ ಕೈ ಡಾಲ್ಫಿನ್‌ಗೆ ಕಾಣಲೇಬೇಕು. ರಿಫ್ಲೆಕ್ಟರ್ ಅಡ್ಡ ಬಂದರೆ ಅದು ಊಹೆಗೆ ಇಳಿಯುತ್ತೆ, ಹಿಂದೆ ಯಾವುದಕ್ಕೆ ಮೀನು ಸಿಕ್ಕಿತ್ತೋ ಅದನ್ನೇ ಮಾಡುತ್ತೆ. ಇನ್ನೊಂದು ತೊಂದರೆ ನಟರ ಕೈ. ಮಾತಿನ ಭರದಲ್ಲಿ ಹುಡುಗ ಅಂಗೈ ಎತ್ತಿದರೆ ಡಾಲ್ಫಿನ್ ಪಾಲಿಗೆ ಅದೂ ಸನ್ನೆಯೇ. ರಿಹರ್ಸಲ್‌ನಲ್ಲೇ ಕೈ ಎಲ್ಲಿರಬೇಕು ಅಂತ ತೀರ್ಮಾನ ಮಾಡಿಕೊಳ್ಳಿ.

ಈಗ ಸೀಟಿ ಇಲ್ಲದ ಟೇಕ್ ನೋಡಿ. ಡಾಲ್ಫಿನ್ ಅಚ್ಚುಕಟ್ಟಾಗಿ ತಲೆಯಾಡಿಸಿತು. ಸೀಟಿ ಬರಲಿಲ್ಲ. ಫೋಕಸ್ ಜಾರಿದೆ, ಒನ್ ಮೋರ್. ಈ ಸಲ ಇನ್ನೂ ಜೋರಾಗಿ ಆಡಿಸುತ್ತೆ. ಮತ್ತೆ ಒನ್ ಮೋರ್. ಬಾಯಿ ತೆರೆದು, ಮೂಗಿನ ರಂಧ್ರದಿಂದ ಕಿರುಚಿ, ನೀರು ಎರಚುತ್ತೆ. ಡೈರೆಕ್ಟರ್‌ಗೆ ಅದೇ ಇಷ್ಟವಾಗುತ್ತೆ, ಟ್ರೇನರ್ ಮೀನು ಕೊಡುತ್ತಾರೆ. ಡಾಲ್ಫಿನ್ ಅಲ್ಲಿ ಕಲಿತದ್ದು ಕಿರುಚುವುದನ್ನು. ಮರುದಿನ ಕಂಟಿನ್ಯುಟಿಗೆ, ಅಂದರೆ ಹಿಂದಿನ ಶಾಟ್‌ಗೆ ಹೊಂದಲು, ಶಾಂತವಾಗಿ ತಲೆಯಾಡಿಸಬೇಕು ಅಂದರೆ ಅದು ಸಿಗಲ್ಲ. ಮೀನು ಕೊಡದೆ ಎಳೆದರೆ ಪರಿಸ್ಥಿತಿ ಇನ್ನೂ ಕೆಡುತ್ತೆ: ದವಡೆ ಚಟ್ಟನೆ ಬಡಿಯುವುದು, ಬಾಲ ನೀರಿಗೆ ಅಪ್ಪಳಿಸುವುದು, ಮಾರ್ಕ್ ಬಿಟ್ಟು ಹೋಗುವುದು. ದವಡೆ ಬಡಿದರೆ ಅದು ಎಚ್ಚರಿಕೆ. ಆ ಬಾಯಲ್ಲಿ 80ರಿಂದ 100 ಚೂಪು ಹಲ್ಲುಗಳಿವೆ, ಪಕ್ಕದಲ್ಲೇ ಮಗುವಿನ ಕೈ ಇದೆ. ಡೈರೆಕ್ಟರ್ ಕಟ್ ಅನ್ನುವವರೆಗೆ ಕಾಯದೆ ಮಗುವನ್ನು ಹಿಂದಕ್ಕೆ ಎಳೆದುಕೊಳ್ಳಬೇಕು. ಬಾಟಲ್‌ನೋಸ್ ಡಾಲ್ಫಿನ್‌ನ "ನಗು" ದವಡೆಯ ಆಕಾರ ಅಷ್ಟೇ; ಸಿಟ್ಟು ಬಂದಾಗಲೂ ಹಾಗೇ ಕಾಣುತ್ತೆ.

ಇಷ್ಟಕ್ಕೂ ಸೀಟಿಯಿಂದ ಸೌಂಡ್ ಟ್ರ್ಯಾಕ್‌ಗೆ ಆಗುವ ನಷ್ಟ ಏನು? ಡೈಲಾಗನ್ನು ಡಬ್ಬಿಂಗ್‌ನಲ್ಲಿ ಸರಿಮಾಡಬಹುದು. ಡಾಲ್ಫಿನ್ ಸದ್ದಂತೂ ಬಹಳ ಸಲ ಸ್ಟುಡಿಯೋದ್ದೇ. 1964ರಿಂದ 1967ರವರೆಗೆ ಅಮೆರಿಕದ ಟಿವಿಯಲ್ಲಿ ಬಂದ ಫ್ಲಿಪ್ಪರ್ ಸರಣಿಯಲ್ಲಿ ಅದೇ ಹೆಸರಿನ ಡಾಲ್ಫಿನ್‌ಗೆ ಹಾಕಿದ್ದು ಆಸ್ಟ್ರೇಲಿಯಾದ ಕೂಕಬುರಾ ಹಕ್ಕಿಯ ಕೂಗನ್ನು ಬದಲಾಯಿಸಿದ ಧ್ವನಿ. ಸೀಟಿಯ ಬದಲು ಬೇರೆ ಬ್ರಿಡ್ಜ್ ಬೇಕೇ ಬೇಕಾದರೆ, ಮುಟ್ಟುವುದೋ ನೀರೊಳಗಿನ ಟೋನೋ, ವಾರಗಟ್ಟಲೆ ಮೊದಲೇ ಮೀನಿನ ಜೊತೆ ಜೋಡಿಸಿರಬೇಕು. ಶೂಟಿಂಗ್ ಬೆಳಿಗ್ಗೆ ಹೊಸದು ತಂದರೆ ಅದಕ್ಕೆ ಅರ್ಥವೇ ಇರಲ್ಲ.

ಕಾಲ್ ಶೀಟ್‌ನಲ್ಲಿ ಡಾಲ್ಫಿನ್‌ಗೆ ನಾಲ್ಕು ಗಂಟೆ ಬರೆಯುವ ಮ್ಯಾನೇಜರ್‌ಗಳಿಗೆ ಒಂದು ಮಾತು: ಸೆಷನ್ ಅಂದರೆ ಹತ್ತು-ಹದಿನೈದು ನಿಮಿಷ, ನಡುವೆ ಬಿಡುವು. ಪ್ರತಿ ಟೇಕ್‌ಗೂ ಹೋಗುವ ಮೀನು ಆ ದಿನದ ಲೆಕ್ಕದಿಂದಲೇ ಹೋಗುತ್ತೆ. ಲೆಕ್ಕ ಮುಗಿದ ಮೇಲೆ ಹೊಟ್ಟೆ ತುಂಬಿದ ಪ್ರಾಣಿಯಿಂದ ಕೆಲಸ ನಿರೀಕ್ಷಿಸುವಂತಿಲ್ಲ. "ಬೆಳಿಗ್ಗೆ ಮೀನು ಹಾಕಬೇಡಿ, ಹಸಿದಿದ್ದರೆ ಚೆನ್ನಾಗಿ ಮಾಡುತ್ತೆ" ಅನ್ನುವ ಸಲಹೆಗೆ ಯಾವ ಕಾರಣಕ್ಕೂ ಒಪ್ಪಬೇಡಿ. ಡಾಲ್ಫಿನ್ ದೇಹಕ್ಕೆ ಬೇಕಾದ ನೀರು ಬರುವುದೂ ಮುಖ್ಯವಾಗಿ ಮೀನಿನಿಂದಲೇ, ಮೀನು ನಿಲ್ಲಿಸಿದರೆ ನೀರೂ ನಿಂತ ಹಾಗೆ. ಫ್ರೀಜರ್‌ನಲ್ಲಿಟ್ಟ ಮೀನಿನಲ್ಲಿ ಬಿ1 ಮತ್ತು ಇ ವಿಟಮಿನ್ ಇಳಿದಿರುತ್ತೆ. ಮಾತ್ರೆಯನ್ನು ದಿನದ ಮೊದಲ ಮೀನಿನ ಕಿವಿರಲ್ಲೇ ಇಟ್ಟು ಕೊಟ್ಟುಬಿಡುವುದು ಒಳ್ಳೆಯದು, ಶೂಟಿಂಗ್ ಗಡಿಬಿಡಿಯಲ್ಲಿ ಮರೆತುಹೋಗುವ ಮೊದಲ ವಸ್ತು ಅದೇ.

ಒಂದು ಪಾತ್ರಕ್ಕೆ ಒಂದೇ ಡಾಲ್ಫಿನ್ ಅಂತ ಹಟ ಹಿಡಿಯುವುದೂ ತಪ್ಪು. ಫ್ಲಿಪ್ಪರ್ ಸರಣಿಯಲ್ಲೇ ಸೂಸಿ, ಕ್ಯಾಥಿ ಸೇರಿ ಹಲವು ಡಾಲ್ಫಿನ್‌ಗಳು ಆ ಪಾತ್ರ ಮಾಡಿದ್ದವು. ಬೆನ್ನಿನ ಈಜುರೆಕ್ಕೆಯ ಅಂಚಿನ ಕಚ್ಚು, ಮೈಮೇಲಿನ ಹಲ್ಲಿನ ಗೀರು, ಇವೆರಡರ ಫೋಟೋ ಕಂಟಿನ್ಯುಟಿಯವರ ಹತ್ತಿರ ಇದ್ದರೆ ವೈಡ್ ಶಾಟ್‌ನಲ್ಲಿ ಪ್ರಾಣಿ ಬದಲಾದದ್ದು ಯಾರಿಗೂ ಗೊತ್ತಾಗಲ್ಲ. ಆ ಸರಣಿಯ ಟ್ರೇನರ್ ರಿಕ್ ಓಬ್ಯಾರಿ, 1970ರಲ್ಲಿ ಕ್ಯಾಥಿ ಸತ್ತ ಮೇಲೆ, ಡಾಲ್ಫಿನ್‌ಗಳನ್ನು ಕೂಡಿಹಾಕುವುದರ ವಿರುದ್ಧವೇ ನಿಂತರು. ಈ ಕೆಲಸಕ್ಕೆ ಬರುವವರು ಅದನ್ನು ತಿಳಿದುಕೊಂಡೇ ಬರಬೇಕು. ರೋಬೋಟ್ ಅಥವಾ ಗ್ರಾಫಿಕ್ಸ್‌ನಲ್ಲಿ ಆಗುವ ಶಾಟ್‌ಗೆ ಜೀವಂತ ಪ್ರಾಣಿ ಕೇಳಿದರೆ ಆಗಲ್ಲ ಅನ್ನುವುದೂ ಟ್ರೇನರ್ ಕೆಲಸವೇ.

ಪ್ಯಾಕಪ್ ಆದ ಮೇಲೆ ಇನ್ನೊಂದು ಕೆಲಸ ಇದೆ. ಕ್ಲಿಪ್, ಟೇಪ್ ತುಂಡು, ಲೆನ್ಸ್ ಕ್ಯಾಪ್, ಸ್ಕ್ರೂ ನೀರಿಗೆ ಬಿದ್ದರೆ ಡಾಲ್ಫಿನ್ ನುಂಗಬಹುದು, ನುಂಗಿದರೆ ಜೀವಕ್ಕೇ ಅಪಾಯ. ಕೊಳದ ಹತ್ತಿರ ಒಯ್ಯುವ ಮುಂಚೆ ಎಣಿಸಿ ಬರೆದುಕೊಳ್ಳಿ, ವಾಪಸ್ ಬಂದಾಗ ಬೇರೆಯವರಿಂದ ಎಣಿಸಿ. ಒಂದು ಕ್ಲಿಪ್ ಕಮ್ಮಿ ಇದ್ದರೂ ಡೈವರ್ ಕೊಳದ ತಳ ಪೂರ್ತಿ ನೋಡಿ ಬರುವವರೆಗೆ ಡಾಲ್ಫಿನ್ ಪಕ್ಕದ ಕೊಳದಲ್ಲೇ ಇರಲಿ, ಗೇಟ್ ತೆಗೆಯಬೇಡಿ.