ಯುಂಗ್‌ಫ್ರಾ ಬಿಟ್ಟು ಆ ಹಳ್ಳಿಯಲ್ಲಿ ಏನು ಮಾಡ್ತೀರಿ?

"ಸ್ವಿಟ್ಜರ್ಲೆಂಡ್ ತನಕ ಹೋಗಿ ಯುಂಗ್‌ಫ್ರಾ, ಟಿಟ್ಲಿಸ್‌ನಂಥ ಹೆಸರಾಂತ ಹಿಮಶಿಖರಗಳನ್ನೆಲ್ಲ ಬಿಟ್ಟು ಯಾವುದೋ ಸಣ್ಣ ಹಳ್ಳಿಯಲ್ಲಿ ಇದ್ದು ಬರ್ತೀರಲ್ಲ, ಅಲ್ಲೇನಿದೆ?" ನೆಂಟರು, ಆಫೀಸಿನವರು, ಪ್ರವಾಸಕ್ಕೆ ದುಡ್ಡು ಕೂಡಿಡುತ್ತಿರುವ ಗೆಳೆಯರು, ಎಲ್ಲರೂ ಕೇಳುವುದು ಇದನ್ನೇ. ಹಳ್ಳಿಯ ಹೆಸರು ಗ್ವಾರ್ಡಾ. ಅಲ್ಲಿ ಮನೆಗಳಿವೆ, ಮನೆಗಳ ಹಿಂದೆ ಹುಲ್ಲುಗಾವಲಿದೆ, ಅದರ ಮೇಲೆ ಬೆಟ್ಟವಿದೆ. ಈ ಮೂರೂ ಒಂದಕ್ಕೊಂದು ಹೇಗೆ ಸೇರಿಕೊಂಡಿವೆ ಅಂತ ನಡೆದು ನೋಡುವುದೇ ಅಲ್ಲಿ ನನ್ನ ಕೆಲಸ.

ಊರು ಇರುವುದು ದೇಶದ ಪೂರ್ವ ತುದಿಯಲ್ಲಿ, ಕೆಳ ಎಂಗಡಿನ್ ಕಣಿವೆಯಲ್ಲಿ. ಕೆಳಗೆ ಇನ್ ನದಿ, ಮೇಲೆ 1,653 ಮೀಟರ್ ಎತ್ತರದಲ್ಲಿ ಬಿಸಿಲಿಗೆ ಮೈಯೊಡ್ಡಿದ ಊರು. ಜ್ಯೂರಿಕ್‌ನಿಂದ ಲಾಂಡ್‌ಕ್ವಾರ್ಟ್‌ಗೆ ಬಂದು ಅಲ್ಲಿ ಕೆಂಪು ರೈಲು ಹತ್ತಬೇಕು. 1999ರಲ್ಲಿ ತೆರೆದ 19 ಕಿಲೋಮೀಟರ್ ಉದ್ದದ ವೆರೈನಾ ಸುರಂಗ ದಾಟಿದರೆ ಎಂಗಡಿನ್ ಬಂತು. ಸ್ಟೇಷನ್ ಊರಿಗಿಂತ ಕೆಳಗಿದೆ. ಮೇಲಕ್ಕೆ ಹಳದಿ ಪೋಸ್ಟ್ ಬಸ್ ಸಿಗುತ್ತದೆ.

ಮೊದಲ ದಿನ ಸುಮ್ನೆ ಊರೊಳಗೆ ಓಡಾಡಿ. ಗೋಡೆಗಳ ಹತ್ತಿರ ಹೋಗಿ ನಿಲ್ಲಿ. ದೂರದಿಂದ ಬಣ್ಣ ಬಳಿದ ಚಿತ್ತಾರದಂತೆ ಕಾಣುವುದು ಬಣ್ಣವಲ್ಲ, ಕೆರೆತ. ಬೂದು ಗಾರೆಯ ಮೇಲೆ ಬಿಳಿ ಸುಣ್ಣ ಬಳಿದು, ಅದು ಹಸಿ ಇರುವಾಗಲೇ ಮೊನೆಯಿಂದ ಕೆರೆದು ತೆಗೆದಿದ್ದಾರೆ. ಕೆರೆದ ಕಡೆ ಬೂದು ಬಣ್ಣ ಎದ್ದು ಕಾಣುತ್ತದೆ. ಇದಕ್ಕೆ ಸ್ಗ್ರಫಿಟೊ ಅನ್ನುತ್ತಾರೆ. ಬೆರಳ ತುದಿಯಲ್ಲಿ ಸವರಿದರೆ ಗೆರೆಯ ಅಂಚು ತಾಗುತ್ತದೆ. ಕಿಟಕಿಗಳು ಚಿಕ್ಕವು, ದಪ್ಪ ಗೋಡೆಯ ಒಳಗೆ ಹುದುಗಿವೆ. ಚಳಿ ಒಳಗೆ ಬರಬಾರದು, ಬೆಳಕು ಬರಬೇಕು ಅಂತ ಅವುಗಳ ಬಾಯಿಯನ್ನು ಹೊರಗಡೆಗೆ ಅಗಲ ಮಾಡಿದ್ದಾರೆ. ಬಾಗಿಲು ಮಾತ್ರ ತುಂಬ ದೊಡ್ಡದು. ಹುಲ್ಲು ತುಂಬಿದ ಗಾಡಿ ಮನೆಯ ನಡುವಿನ ಪಡಸಾಲೆ ಹಾದು ಹಿಂದಿನ ಕಣಜಕ್ಕೆ ಹೋಗಬೇಕಿತ್ತು. ಆ ಪಡಸಾಲೆಗೆ ಅವರ ರೊಮಾನ್ಶ್ ಭಾಷೆಯಲ್ಲಿ ಸುಲೇರ್ ಅನ್ನುತ್ತಾರೆ. ದನ, ಹುಲ್ಲು, ಮನುಷ್ಯರು, ಎಲ್ಲರೂ ಒಂದೇ ಸೂರಿನಡಿ.

1620ರ ದಶಕದ ಯುದ್ಧದಲ್ಲಿ ಊರು ಸುಟ್ಟುಹೋಗಿತ್ತು. ಈಗ ಕಾಣುವ ಮನೆಗಳಲ್ಲಿ ಹೆಚ್ಚಿನವು ಅದರ ನಂತರ ಕಟ್ಟಿದ್ದು. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ವಾಸ್ತುಶಿಲ್ಪಿ ಯಾಖೆನ್ ಉಲ್ರಿಖ್ ಕೋಂಟ್ಸ್ ಮುಂದೆ ನಿಂತು ಇವನ್ನು ದುರಸ್ತಿ ಮಾಡಿಸಿದರು. 1975ರಲ್ಲಿ ಊರಿಗೆ ವಾಕರ್ ಪ್ರಶಸ್ತಿ ಬಂತು, ಹಳೇ ಕಟ್ಟಡಗಳನ್ನು ಚೆನ್ನಾಗಿ ಉಳಿಸಿಕೊಂಡ ಊರುಗಳಿಗೆ ಅಲ್ಲಿ ಕೊಡುವ ಪ್ರಶಸ್ತಿ ಅದು. ಹಳೇ ಮನೆ ಕೆಡವಿ ಹೋಟೆಲ್ ಕಟ್ಟುವ ಸುಲಭದ ದಾರಿ ಇವರಿಗೂ ಇತ್ತು, ಅಲ್ವಾ? ಹಾಗೆ ಮಾಡಲಿಲ್ಲ. ನನಗೆ ಈ ಊರಿನ ಮೇಲೆ ಗೌರವ ಇರುವುದು ಅದಕ್ಕೇ.

ಎರಡನೇ ದಿನ ತುವೊಯ್ ಕಣಿವೆ. ಊರಿನಿಂದಲೇ ದಾರಿ ಹತ್ತುತ್ತದೆ, ಹೊಳೆಯ ಪಕ್ಕದಲ್ಲೇ. ಮರಗಳು ಮುಗಿದ ಮೇಲೆ ಬರೀ ಹುಲ್ಲು. ಆ ಗಾಡಿಗಳು ಹೊತ್ತ ಹುಲ್ಲು ಎಂಥ ಇಳಿಜಾರಿನದು ಅಂತ ಕಾಲಿಗೆ ಗೊತ್ತಾಗುವುದು ಇಲ್ಲೇ. ದನ ಮೇಯುವ ಕಡೆ ವಿದ್ಯುತ್ ತಂತಿಯ ಬೇಲಿ ಅಡ್ಡ ಬರುತ್ತದೆ. ಪ್ಲಾಸ್ಟಿಕ್ ಹಿಡಿ ಹಿಡಿದು ಕೊಕ್ಕೆ ಬಿಚ್ಚಿ, ದಾಟಿ, ಮತ್ತೆ ಸಿಕ್ಕಿಸಬೇಕು. ಕರು ಜೊತೆಗಿರುವ ಹಸುವಿನಿಂದ ದೂರ ಇರಿ, ಫೋಟೋ ಆಸೆಗೆ ಹತ್ತಿರ ಹೋಗಬೇಡಿ. ಕಣಿವೆಯ ತಲೆಯಲ್ಲಿ ಆಸ್ಟ್ರಿಯಾ ಗಡಿಯ ಪೀಟ್ಸ್ ಬುಯಿನ್ ಶಿಖರ, 3,312 ಮೀಟರ್. ಅದರ ಬುಡದಲ್ಲಿ 2,250 ಮೀಟರ್‌ನಲ್ಲಿ ತುವೊಯ್ ಗುಡಿಸಲು. ಗುಡಿಸಲು ಅಂದರೆ ಚಾರಣಿಗರಿಗೆ ಊಟ, ಹಾಸಿಗೆ ಕೊಡುವ ಕಲ್ಲಿನ ಮನೆ. ಸುಮಾರು 600 ಮೀಟರ್ ಏರು, ಎರಡೂವರೆ ಗಂಟೆ. ಹಳದಿ ಫಲಕಗಳಲ್ಲಿ ಕಿಲೋಮೀಟರ್ ಬದಲು ಗಂಟೆ ಬರೆದಿರುತ್ತಾರೆ. ಅದು ನಿಲ್ಲದೆ ನಡೆಯುವವರ ಲೆಕ್ಕ.

"ಅಮ್ಮನಿಗೆ ಮಂಡಿನೋವು, ಅವರೇನು ಮಾಡಬೇಕು?" ಅಂತಲೂ ಕೇಳುತ್ತಾರೆ. ಅವರಿಗೆ ಬೋಸ್ಚಾ ಅನ್ನುವ ಪುಟ್ಟ ಊರಿನ ಮೇಲಿಂದ ಪಕ್ಕದ ಹಳ್ಳಿ ಆರ್ಡೇಟ್ಸ್‌ಗೆ ಹೋಗುವ ದಾರಿ ಇದೆ. ಬೋಸ್ಚಾ ತನಕ ಹೆಚ್ಚು ಏರಿಲ್ಲ. ಆಮೇಲಿನ ಇಳಿಜಾರು ಮಂಡಿಗೆ ಕಷ್ಟ ಅನ್ನಿಸಿದರೆ ಅಲ್ಲಿಂದಲೇ ವಾಪಸ್ ಬರಬಹುದು. ಆರ್ಡೇಟ್ಸ್ ತಲುಪಿದರೆ ಆದಮ್ ಮತ್ತು ಈವ್ ಚಿತ್ರ ಬರೆದ ಹಳೇ ಮನೆ ನೋಡಿ, ರೈಲಿನಲ್ಲಿ ಹಿಂತಿರುಗಿ.

ಊಟದ ವಿಷಯ. ಈ ಸೀಮೆಯ ಕಾಪುನ್ಸ್ ನೋಡಿದರೆ ಕರಾವಳಿಯವರಿಗೆ ಪತ್ರೊಡೆ ನೆನಪಾಗಬಹುದು: ಹಿಟ್ಟನ್ನು ಸೊಪ್ಪಿನ ಎಲೆಯಲ್ಲಿ ಸುತ್ತಿ ಬೇಯಿಸಿರುತ್ತಾರೆ. ಆದರೆ ಒಳಗೆ ಸಾಮಾನ್ಯವಾಗಿ ಒಣಮಾಂಸ ಇರುತ್ತದೆ, ಬಾರ್ಲಿ ಸೂಪಿನಲ್ಲೂ ಅಷ್ಟೇ. ಸಸ್ಯಾಹಾರಿಗಳು ಮೊದಲೇ ಕೇಳಿಕೊಳ್ಳಿ. ಆಲೂಗಡ್ಡೆ ತುರಿದು ಹುರಿದ ರೋಸ್ಟಿ, ಚೀಸ್, ಅಕ್ರೋಟಿನ ಎಂಗಡಿನ್ ಟಾರ್ಟ್ ಇದ್ದೇ ಇದೆ.

ಯಾವಾಗ ಹೋಗಬೇಕು? ಎತ್ತರದ ದಾರಿಗಳಿಗೆ ಜುಲೈಯಿಂದ ಸೆಪ್ಟೆಂಬರ್. ಅಕ್ಟೋಬರ್‌ನಲ್ಲಿ ಲಾರ್ಚ್ ಮರಗಳು ಹೊಂಬಣ್ಣಕ್ಕೆ ತಿರುಗುತ್ತವೆ, ಜನವೂ ಕಡಿಮೆ. ಆಗ ಗುಡಿಸಲು ತೆರೆದಿದೆಯೇ ಅಂತ ವಿಚಾರಿಸಿಕೊಂಡೇ ಹೊರಡಿ. ನಡೆಯುವ ಆಸೆ ಇಲ್ಲ, ಮಾರ್ಚ್‌ನಲ್ಲಿ ರಜೆ ಇದೆ ಅಂದರೆ 1ನೇ ತಾರೀಕಿಗೆ ಅಲ್ಲಿರಿ. ಚಲಾಂಡಮಾರ್ಟ್ಸ್ ಹಬ್ಬದಂದು ಮಕ್ಕಳು ದನದ ಗಂಟೆ ಬಾರಿಸುತ್ತಾ ಚಳಿಗಾಲವನ್ನು ಊರಿಂದ ಓಡಿಸುತ್ತಾರೆ. ಇನ್ನು ಒಂದೇ ರಾತ್ರಿಗೆ ಹೋಗುವುದಾದರೆ ಗ್ವಾರ್ಡಾ ಬೇಡ, ಯುಂಗ್‌ಫ್ರಾಗೇ ಹೋಗಿ. ಇಲ್ಲಿಗೆ ಕನಿಷ್ಠ ಮೂರು ರಾತ್ರಿ ಬೇಕು.